ರಿಜಿಸ್ಟರಿನ ಎರಡು ಪುಟಗಳು: ಹಾಸನದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಹಾಸನ.

ಮಾನ್ಯರೇ,

ಕಳೆದ ತಿಂಗಳ ಒಂದು ಸೋಮವಾರ ಸಂಜೆ, ಆ ದಿನದ ಕೊನೆಯವರನ್ನು ಬೀಳ್ಕೊಟ್ಟು ಕೋಣೆಗೆ ಬೀಗ ಹಾಕುವ ಹೊತ್ತಿಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಆಸ್ಪತ್ರೆಯೊಂದರ ಹೊರರೋಗಿ ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಎರಡೂ ಪುಟ ಕಾಣುವಂತೆ ಮೇಲಿನಿಂದ ತೆಗೆದ ಫೋಟೋ ಅದು. ಒಟ್ಟು ಹದಿನಾಲ್ಕು ಸಾಲು. ಕ್ರಮಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಊರು, ಮೊಬೈಲ್ ಸಂಖ್ಯೆ, ಕೊನೆಗೆ ಷರಾ. ಷರಾದ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಕಾಯಿಲೆಯ ಹೆಸರು; ಎರಡು ಕಡೆ ‘ಕುಡಿತ’; ಒಂದು ಕಡೆ ‘ವಿಷ ಸೇವನೆ, 2ನೇ ಸಲ’. ಫೋಟೋದ ಕೆಳಗೆ, ‘ನಾಳೆ ಮಂಗಳವಾರ, ಇವರಿಗೆಲ್ಲ ಬರಲು ತಿಳಿಸಿ’ ಎಂಬ ಸೂಚನೆ. ಅದು ಯಾವುದೋ ವಾಟ್ಸಾಪ್ ಗುಂಪಿಗೆ ಬಂದದ್ದು. ಅಲ್ಲಿಂದ ನನಗೆ ಕಳುಹಿಸಿದವರು ಕೇಳಿದ ಪ್ರಶ್ನೆ ಇಷ್ಟೇ: ‘ಇದರಲ್ಲಿ ನಿಮ್ಮ ಹತ್ತಿರ ಬರೋರು ಯಾರಾದ್ರೂ ಇದ್ದಾರಾ ಮೇಡಂ?’

ಆ ಆಸ್ಪತ್ರೆ ಯಾವುದು, ಯಾವ ತಾಲ್ಲೂಕಿನದು ಎಂದು ಇಲ್ಲಿ ಬರೆಯುವುದಿಲ್ಲ. ಹಾಗೆ ಬರೆದರೆ ಆ ಹದಿನಾಲ್ಕು ಜನರನ್ನು ಹುಡುಕುವ ದಾರಿಯನ್ನು ನಾನೇ ತೋರಿಸಿದಂತಾಗುತ್ತದೆ. ಫೋಟೋ ತೆಗೆದ ಸಿಬ್ಬಂದಿಯ ಉದ್ದೇಶದಲ್ಲಿ ಕೇಡು ಇರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಆ ದಿನ ತಪ್ಪಿಸಿಕೊಂಡವರಿಗೆ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದರೆ ಮನೆಮಂದಿಯೆಲ್ಲ ಕಷ್ಟಕ್ಕೆ ಬೀಳುತ್ತಾರೆ. ಹದಿನಾಲ್ಕು ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುವ ಬದಲು ಒಂದು ಫೋಟೋ ಹಾಕಿದರೆ ಕೆಲಸ ಮುಗಿಯಿತು ಎಂದು, ಕೈ ತುಂಬ ಕೆಲಸವಿರುವ ಯಾರಿಗಾದರೂ ಅನ್ನಿಸೀತು. ಕೇಡಿನ ಉದ್ದೇಶವಿಲ್ಲದೆಯೂ ಹದಿನಾಲ್ಕು ಮನೆಗಳ ಗುಟ್ಟು ಹೀಗೆ ರಟ್ಟಾಗುತ್ತದೆ ಎಂಬುದೇ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ.

ನಾನು ಹಾಸನದಲ್ಲಿ ಹನ್ನೊಂದು ವರ್ಷಗಳಿಂದ ವೃತ್ತಿ ನಡೆಸುತ್ತಿರುವ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಔಷಧ ಬರೆಯುವುದು ಮನೋವೈದ್ಯರ ಕೆಲಸ. ನನ್ನದು ಕೂತು ಕೇಳುವ, ಮಾತಾಡಿಸುವ, ಅಗತ್ಯವಿದ್ದಲ್ಲಿ ಪರೀಕ್ಷೆ ಮಾಡಿ ವರದಿ ಬರೆದುಕೊಡುವ ಕೆಲಸ. ನನ್ನ ಹತ್ತಿರ ಬರುವವರು ಸಕಲೇಶಪುರದ ತೋಟಗಳಿಂದ, ಅರಸೀಕೆರೆಯ ತೆಂಗಿನ ಸೀಮೆಯಿಂದ, ಅರಕಲಗೂಡಿನ ಹೊಗೆಸೊಪ್ಪಿನ ಊರುಗಳಿಂದ, ಇಲ್ಲಿನ ಕಾಲೇಜು ಹಾಸ್ಟೆಲುಗಳಿಂದ ಬರುತ್ತಾರೆ. ಅವರ ವಿಷಯವಾಗಿ ಮುಂದೆ ಹೇಳುವ ಪ್ರಸಂಗಗಳಲ್ಲಿ ಊರು, ವಯಸ್ಸು, ನಂಟಸ್ತಿಕೆ ಎಲ್ಲವನ್ನೂ ಬದಲಿಸಿದ್ದೇನೆ. ಇವರು ಇಂಥವರೇ ಇರಬೇಕು ಎಂದು ಲೆಕ್ಕ ಹಾಕುವವರಿಗೆ ಸಿಗುವುದು ತಪ್ಪು ಮನೆಯೇ.

ಕಾನೂನಿನಲ್ಲಿ ಕೊರತೆಯಿದೆ ಎಂಬ ದೂರು ನನ್ನದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿಗೆ ತನ್ನ ಕಾಯಿಲೆ, ಚಿಕಿತ್ಸೆ, ಆರೈಕೆಗಳ ವಿಷಯ ಗೋಪ್ಯವಾಗಿ ಉಳಿಯುವ ಹಕ್ಕನ್ನು ಕೊಡುತ್ತದೆ ಮತ್ತು ಆರೈಕೆ ಮಾಡುವ ಎಲ್ಲ ಆರೋಗ್ಯ ವೃತ್ತಿಪರರ ಮೇಲೂ ಆ ಗೋಪ್ಯತೆ ಕಾಯುವ ಹೊಣೆ ಹೊರಿಸುತ್ತದೆ. ಆ ವ್ಯಕ್ತಿಯ ಫೋಟೋವಾಗಲಿ ವಿವರವಾಗಲಿ ಆತನ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಹೋಗಕೂಡದೆಂದು 24ನೇ ಸೆಕ್ಷನ್ ಹೇಳುತ್ತದೆ. ವಿದ್ಯುನ್ಮಾನ ರೂಪದಲ್ಲಿರುವ ಮಾಹಿತಿಗೂ ಈ ಹಕ್ಕು ಅನ್ವಯಿಸುತ್ತದೆಂಬ ಮಾತು ಅದರಲ್ಲೇ ಇದೆ. ಕಾಯ್ದೆಯನ್ನು ಮೊದಲ ಸಲ ಉಲ್ಲಂಘಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 108ನೇ ಸೆಕ್ಷನ್ ತಿಳಿಸುತ್ತದೆ. ಇದಕ್ಕೂ ಮೇಲೆ, ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹೊರಟ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳೂ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಈ ಕೊನೆಯ ಕಾಯ್ದೆಯ ಒಂದು ಅಂಶವನ್ನು ತಮ್ಮ ಸಿಬ್ಬಂದಿ ಗಮನಿಸಬೇಕು. ಬರೀ ಕಾಗದದ ಮೇಲಿರುವ ಮಾಹಿತಿಯನ್ನು ಅದು ಮುಟ್ಟುವುದಿಲ್ಲ, ಆದರೆ ಕಾಗದದ್ದನ್ನು ಡಿಜಿಟಲ್ ಮಾಡಿದರೆ ಅದೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂದರೆ ಬೀರುವಿನಲ್ಲಿದ್ದ ರಿಜಿಸ್ಟರಿಗೆ ಮೊಬೈಲ್ ಕ್ಯಾಮರಾ ಹಿಡಿದದ್ದೇ ಅದರ ಜಾತಿ ಬದಲಾಯಿತು.

ಕಾನೂನು ಬರೆದವರ ಕಣ್ಣಮುಂದೆ ಇದ್ದದ್ದು ಪ್ರಾಯಶಃ ದೊಡ್ಡ ನಗರದ ಆಸ್ಪತ್ರೆ, ಸರ್ವರು, ಪಾಸ್‌ವರ್ಡು. ನಮ್ಮಲ್ಲಿ ಗುಟ್ಟು ಸೋರುವ ತೂತುಗಳೇ ಬೇರೆ. ಬಿ.ಎಂ. ರಸ್ತೆಯ ಮಹಡಿಯೊಂದರ ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿಯ ಗುರುತು ಸಾಕು. ನಿಲ್ಲಿಸಿದ ಸ್ಕೂಟಿಯ ನಂಬರು ಸಾಕು. ನನ್ನ ಫೋನ್ ಸಂಖ್ಯೆಯನ್ನು ಯಾರೋ ಪುಣ್ಯಾತ್ಮರು ‘ತಲೆ ಡಾಕ್ಟ್ರು ಹಾಸನ’ ಎಂದು ಉಳಿಸಿಕೊಂಡಿದ್ದರು; ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್ ಅದನ್ನೇ ಎತ್ತಿಕೊಂಡು, ನಾನು ಸಮಯ ಬದಲಿಸಲೆಂದು ಮಾಡಿದ ಒಂದು ಕರೆಯನ್ನು, ಊಟಕ್ಕೆ ಕೂತಿದ್ದ ಅತ್ತೆ, ಮಾವ, ನಾದಿನಿಯರ ನಡುವೆ ಇದ್ದ ಸೊಸೆಯ ಮೊಬೈಲಿನಲ್ಲಿ ಅಷ್ಟು ದೊಡ್ಡ ಅಕ್ಷರಗಳಲ್ಲಿ ತೋರಿಸಿತು. ಅಂದಿನಿಂದ ನಾನು ಯಾರಿಗೂ ಮೊದಲು ಕರೆ ಮಾಡುವುದಿಲ್ಲ. ಯಾವ ಹೊತ್ತಿಗೆ, ಯಾವ ಸಂಖ್ಯೆಗೆ ಮಾಡಬಹುದೆಂದು ಮೊದಲ ದಿನವೇ ಅವರಿಂದ ಬರೆಸಿಕೊಳ್ಳುತ್ತೇನೆ. ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಯೊಂದು ನನ್ನ ಮೇಜಿನ ಮೇಲೂ ಸ್ವಲ್ಪ ದಿನ ಇತ್ತು. ಕೆಳಗಿನ ಬೇಕರಿಯವರು ಒಂದು ದಿನ ನಗುತ್ತಾ, ‘ಇವತ್ತು ಆರು ಜನ ಬಂದಿದ್ರಲ್ವಾ ಮೇಡಂ?’ ಎಂದ ಸಂಜೆಯೇ ಅದನ್ನು ವಾಪಸು ಕೊಟ್ಟೆ.

ಇದಕ್ಕಿಂತ ಜಾಣತನದ ದಾರಿಗಳೂ ಇವೆ. ಒಬ್ಬ ಹಿರಿಯರು, ಮನೆಯಲ್ಲೇ ಹುರಿದು ಪುಡಿ ಮಾಡಿಸಿದ ಕಾಫಿಪುಡಿಯ ಪೊಟ್ಟಣ ಹಿಡಿದು ಬಂದರು. ಮಗನಿಗೆ ಒಂದು ಸಂಬಂಧ ಬಂದಿದೆಯಂತೆ, ಎಲ್ಲವೂ ಕೂಡಿಬಂದಿದೆಯಂತೆ, ಆದರೆ ಹುಡುಗಿ ನನ್ನ ತಾವ ಬರುತ್ತಿದ್ದಳೆಂದು ಯಾರೋ ಕಿವಿಗೆ ಹಾಕಿದ್ದಾರಂತೆ. ‘ನೀವು ಹೌದು ಅನ್ನಬೇಡಿ, ಇಲ್ಲ ಅನ್ನಬೇಡಿ ಕಣಮ್ಮ. ಬಂದಿದ್ರೆ ಸುಮ್ಮನೆ ಇರಿ, ನಾನು ಅರ್ಥ ಮಾಡ್ಕೋತೀನಿ. ಬಂದಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿಬಿಡಿ, ಯಾವ ದೋಷಾನೂ ಇಲ್ಲವಲ್ಲ.’ ಎಷ್ಟು ನಯವಾದ ಬಲೆ ನೋಡಿ. ಆ ಹುಡುಗಿ ನನ್ನ ಬಾಗಿಲು ತುಳಿಯದವಳಾಗಿದ್ದರೆ, ನಿಜ ಹೇಳಿ ಒಂದು ಮದುವೆ ಉಳಿಸಬಹುದಿತ್ತು ಎಂದು ತಮಗೆ ಅನ್ನಿಸಬಹುದು. ಆದರೆ ಬಾರದವರ ಬಗ್ಗೆ ಒಮ್ಮೆ ‘ಬಂದಿಲ್ಲ’ ಎಂದು ಹೇಳಿಬಿಟ್ಟರೆ, ಮುಂದೆ ಬಂದವರ ಬಗ್ಗೆ ನಾನು ತಾಳುವ ಮೌನವೇ ಸಾಕ್ಷಿಯಾಗಿಬಿಡುತ್ತದೆ. ಆದ್ದರಿಂದ ಎಲ್ಲರಿಗೂ, ಎಲ್ಲರ ಬಗ್ಗೆಯೂ ನನ್ನ ಉತ್ತರ ಒಂದೇ: ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಫಿಪುಡಿಯನ್ನು ಅವರ ಚೀಲಕ್ಕೇ ಹಾಕಿ ಕಳುಹಿಸಿದೆ. ಬಹಳ ಬೇಜಾರು ಮಾಡಿಕೊಂಡು ಹೋದರು.

ಕಟ್ಟಿನಕೆರೆ ಮಾರುಕಟ್ಟೆಯಲ್ಲೋ, ಹಾಸನಾಂಬೆಯ ದರ್ಶನದ ಸಾಲಿನಲ್ಲೋ ಎದುರಾದಾಗ ‘ಮೇಡಂ ನೋಡಿಯೂ ನೋಡದ ಹಾಗೆ ಹೋದರು’ ಎಂದು ಕೆಲವರು ನೊಂದುಕೊಂಡದ್ದುಂಟು. ಅದನ್ನೂ ಈಗ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ಮೊದಲು ನೀವು ನಮಸ್ಕಾರ ಹೇಳಿದರೆ ನಾನೂ ಹೇಳುತ್ತೇನೆ, ಇಲ್ಲದಿದ್ದರೆ ನಾವಿಬ್ಬರೂ ಅಪರಿಚಿತರು.

2024ರ ಏಪ್ರಿಲಿನ ನೆನಪು ಮಾಡದೆ ಹಾಸನದಲ್ಲಿ ಕೂತು ಖಾಸಗಿತನದ ವಿಷಯ ಬರೆಯಲಾಗದು. ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಇರುವಾಗ ಈ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಖಾಸಗಿ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಅದರಲ್ಲಿದ್ದ ಹೆಣ್ಣುಮಕ್ಕಳ ಮುಖಗಳನ್ನು ಮಸುಕು ಮಾಡುವಷ್ಟು ಮನುಷ್ಯತ್ವವೂ ಹಂಚಿದವರಿಗೆ ಇರಲಿಲ್ಲ. ವಿಶೇಷ ತನಿಖಾ ತಂಡ ಬಂತು, ಅಂಥದ್ದನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವೆಂದು ಎಚ್ಚರಿಸಿತು. ನ್ಯಾಯಾಲಯದಲ್ಲಿರುವ ವಿಷಯಗಳನ್ನು ನಾನು ಮುಟ್ಟುವುದಿಲ್ಲ. ನಾನು ಹೇಳಬಲ್ಲದ್ದು ನನ್ನ ಕೋಣೆಯ ಮಾತನ್ನು ಮಾತ್ರ. ಆ ಬೇಸಿಗೆಯ ನಂತರ ಹೊಸದಾಗಿ ಬಂದ ಹೆಂಗಸರಲ್ಲಿ ಹಲವರು ಕೂರುವ ಮುಂಚೆ ಚಾವಣಿಯ ಮೂಲೆಗಳನ್ನು ನೋಡುತ್ತಿದ್ದರು. ‘ಇಲ್ಲಿ ಕ್ಯಾಮರಾ ಇಲ್ವಲ್ಲ ಅಕ್ಕ?’ ಎಂಬುದು ಮೊದಲ ಪ್ರಶ್ನೆ. ಅಂದಿನಿಂದ ಮಾತು ಶುರುವಾಗುವ ಮುನ್ನ ನನ್ನ ಫೋನನ್ನು ಅವರ ಎದುರಿಗೇ ಆರಿಸಿ ಹೊರಗಿನ ಕೋಣೆಯ ಡ್ರಾಯರಿಗೆ ಹಾಕಿ ಬರುತ್ತೇನೆ. ಕೋಣೆಯಲ್ಲಿ ಕ್ಯಾಮರಾ ಇರಲಿಲ್ಲ, ನಿಜ. ಆದರೆ ಕಟ್ಟಡದ ಮೆಟ್ಟಿಲಿಗೆ ಮಾಲೀಕರು ಹಾಕಿಸಿದ್ದ ಕ್ಯಾಮರಾ ನೇರವಾಗಿ ನನ್ನ ಬಾಗಿಲನ್ನೇ ನೋಡುತ್ತಿತ್ತು, ಅದರ ದೃಶ್ಯ ಅವರ ಇಡೀ ಮನೆಯವರ ಮೊಬೈಲುಗಳಲ್ಲಿ ಬರುತ್ತಿತ್ತು. ಒಂಬತ್ತು ವರ್ಷ ಅದರ ಕೆಳಗೇ ಓಡಾಡಿದ ನನಗೆ ಅದು ಹೊಳೆದಿರಲಿಲ್ಲ. ಹೆದರಿದ ಒಬ್ಬ ಹೆಣ್ಣುಮಗಳು ತೋರಿಸಿಕೊಡಬೇಕಾಯಿತು. ಮಾಲೀಕರು ಸಜ್ಜನರು, ಕೇಳಿದ ಮರುದಿನವೇ ಅದನ್ನು ಬೀದಿಯ ಕಡೆಗೆ ತಿರುಗಿಸಿದರು.

ನನ್ನ ಇನ್ನೊಂದು ತಪ್ಪನ್ನೂ ಹೇಳಿಕೊಳ್ಳಬೇಕು, ಯಾಕೆಂದರೆ ಬೇರೆಯವರನ್ನು ಕೇಳುವ ಮುಂಚೆ ಅದನ್ನು ಹೇಳಿಕೊಳ್ಳುವುದು ನ್ಯಾಯ. ಮೊದಲ ವರ್ಷಗಳಲ್ಲಿ ನನ್ನ ಹತ್ತಿರ ಪ್ರಿಂಟರು ಇರಲಿಲ್ಲ. ವರದಿ ಟೈಪು ಮಾಡಿ, ರಸ್ತೆಯಾಚೆಯ ಝೆರಾಕ್ಸ್ ಅಂಗಡಿಯ ನಂಬರಿಗೆ ಕಳುಹಿಸಿ, ಹೋಗಿ ಪ್ರಿಂಟು ತರುತ್ತಿದ್ದೆ. ಒಂದು ದಿನ ಆ ಅಂಗಡಿಯ ಹುಡುಗ ನನ್ನ ಫೈಲು ಹುಡುಕಲು ಪರದೆಯ ಮೇಲೆ ಬೆರಳಾಡಿಸುತ್ತಾ ಹೋದ. ಯಾರದೋ ಪಹಣಿ, ಯಾರದೋ ಆಧಾರ್, ಪರೀಕ್ಷೆಯ ಹಾಲ್ ಟಿಕೆಟ್, ಮದುವೆಯ ಕರೆಯೋಲೆಯ ಕರಡು. ಅವುಗಳ ಮಧ್ಯೆ, ನಾಲ್ಕು ತಿಂಗಳ ಹಿಂದೆ ನಾನು ಕಳುಹಿಸಿದ್ದ ಒಂದು ಬುದ್ಧಿಮತ್ತೆ ಪರೀಕ್ಷೆಯ ವರದಿ, ಫೈಲಿನ ಹೆಸರಿನಲ್ಲೇ ಆ ಮಗುವಿನ ಪೂರ್ತಿ ಹೆಸರು. ನನ್ನ ಹಿಂದೆ ಐದಾರು ಜನ ನಿಂತಿದ್ದರು. ಹುಡುಗನನ್ನು ಬೇಡಿಕೊಂಡು ಅಲ್ಲೇ ನಿಂತು ಒಂದೊಂದಾಗಿ ಅಳಿಸಿಸಿದೆ, ಹನ್ನೊಂದು ಫೈಲುಗಳಿದ್ದವು. ಆ ಹನ್ನೊಂದು ಮನೆಗಳಿಗೂ ಹೀಗಾಯಿತೆಂದು ತಿಳಿಸಿ ಕ್ಷಮೆ ಕೇಳಿದೆ. ಒಬ್ಬರು ಮತ್ತೆ ಬರಲಿಲ್ಲ, ಅವರನ್ನು ದೂರಲಾರೆ. ಅದೇ ವಾರ ಸಾಲ ಮಾಡಿ ಒಂದು ಸಣ್ಣ ಪ್ರಿಂಟರು ಕೊಂಡೆ.

ಈಗ ನನ್ನಲ್ಲಿ ನಡೆಯುವ ಕ್ರಮ ದೊಡ್ಡದೇನಲ್ಲ, ಖರ್ಚಿನದೂ ಅಲ್ಲ. ಹೆಸರು, ವಿಳಾಸ, ಫೋನು ಇರುವ ಪುಸ್ತಕ ಒಂದು. ಮಾತುಕತೆಯ ಟಿಪ್ಪಣಿಗಳ ಕಡತ ಇನ್ನೊಂದು, ಅದರ ಮೇಲೆ ಬರೀ ಸಂಖ್ಯೆ. ಎರಡೂ ಬೇರೆ ಬೇರೆ ಬೀರುಗಳಲ್ಲಿರುತ್ತವೆ. ನನ್ನ ಸಹಾಯಕಿಗೆ ಮೊದಲನೆಯದರ ಬೀಗದ ಕೈ ಇದೆ, ಎರಡನೆಯದರದು ಇಲ್ಲ. ಕೆಲಸಕ್ಕೆ ಸೇರುವಾಗಲೇ ಗೋಪ್ಯತೆಯ ಮುಚ್ಚಳಿಕೆ ಬರೆದುಕೊಟ್ಟಿದ್ದಾಳೆ. ಒಬ್ಬರು ಹೋಗಿ ಇನ್ನೊಬ್ಬರು ಬರುವುದಕ್ಕೆ ನಡುವೆ ಹದಿನೈದು ನಿಮಿಷ ಬಿಡುತ್ತೇನೆ, ಬೆಂಚಿನ ಮೇಲೆ ಇಬ್ಬರು ಮುಖಾಮುಖಿಯಾಗದಿರಲಿ ಎಂದು. ಕೋಣೆಗಳ ನಡುವಿನ ಗೋಡೆ ಪ್ಲೈವುಡ್ಡಿನದು. ಆದ್ದರಿಂದ ಹೊರಕೋಣೆಯಲ್ಲಿ ದಿನವಿಡೀ ಹಾಸನ ಆಕಾಶವಾಣಿ ಹಾಡುತ್ತಿರುತ್ತದೆ. ಒಳಗಿನ ಅಳು ಹೊರಗೆ ಕೇಳಿಸುವುದಿಲ್ಲ. ನಾನು ಇದ್ದಕ್ಕಿದ್ದಂತೆ ಸತ್ತರೆ ಆ ಎರಡನೆಯ ಬೀರುವನ್ನು ತೆಗೆಯುವವರು ಯಾರು ಎಂಬ ಯೋಚನೆ ಕೊರೋನಾ ಕಾಲದಲ್ಲಿ ಬಂತು. ನನ್ನ ಗಂಡನಾಗಲಿ ಮಗನಾಗಲಿ ತೆಗೆಯಕೂಡದು. ಮೈಸೂರಿನಲ್ಲಿರುವ ಸಹೋದ್ಯೋಗಿಯೊಬ್ಬರ ಬಳಿ ಮೊಹರು ಮಾಡಿದ ಲಕೋಟೆಯೊಂದು ಇದೆ, ಅದರಲ್ಲಿ ಏನು ಮಾಡಬೇಕೆಂದು ಬರೆದಿದೆ.

ಟಿಪ್ಪಣಿಯನ್ನು ಎಷ್ಟು ಕಡಿಮೆ ಬರೆಯಬೇಕೆಂಬುದೂ ಈ ವೃತ್ತಿಯ ಒಂದು ವಿದ್ಯೆ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನಲ್ಲೇ ವಿಶೇಷ ರಕ್ಷಣೆಯುಂಟು. ನಮ್ಮ ಎದುರು ಆಡಿದ ಮಾತಿಗೆ ಆ ಬಗೆಯ ರಕ್ಷಣೆ ಅಲ್ಲಿ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಆಧಾರವಾಗಬಲ್ಲದು. ಹಾಗಾಗಿ, ನಿದ್ದೆ ಬಾರದೆಂದು ಬಂದ ಒಬ್ಬಳ ಕಡತದಲ್ಲಿ ನಾನು ಅಸಡ್ಡೆಯಿಂದ ಬರೆದ ಒಂದು ಸಾಲು, ಐದು ವರ್ಷದ ಮೇಲೆ ಅವಳ ವಿರುದ್ಧದ ಕಾಗದವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಚಿಕಿತ್ಸೆಗೆ ಬೇಕಾದದ್ದನ್ನು ಬರೆಯುತ್ತೇನೆ, ಅತ್ತೆ ಏನೆಂದರು, ಭಾವ ಏನು ಮಾಡಿದ ಎಂಬ ಕಥೆಯನ್ನು ಬರೆಯುವುದಿಲ್ಲ.

ಕಂಪ್ಯೂಟರಿಗೆ ಹಾಕಿದರೆ ಭದ್ರ ಎನ್ನುವವರಿಗೆ ಫಿನ್ಲೆಂಡಿನ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಥೆ ತಿಳಿದಿರಲಿ. ಅವರ ಕಡತಗಳಿದ್ದ ಕಂಪ್ಯೂಟರಿಗೆ ಸರಿಯಾದ ಬೀಗವೇ ಇರಲಿಲ್ಲ. ಕಳವು ಮಾಡಿದವನು 2020ರ ಸೆಪ್ಟೆಂಬರಿನ ಕೊನೆಯಲ್ಲಿ ಮೊದಲು ಸಂಸ್ಥೆಯನ್ನು ಬೆದರಿಸಿದ, ಅವರು ಹಣ ಕೊಡದಿದ್ದಾಗ ಅಕ್ಟೋಬರಿನಲ್ಲಿ ಚಿಕಿತ್ಸೆ ಪಡೆದವರಿಗೇ ಒಬ್ಬೊಬ್ಬರಿಗೆ ಪತ್ರ ಬರೆದು 200 ಯೂರೋ ಕೇಳಿದ. ಸುಮಾರು 33,000 ಜನರ ಅತ್ಯಂತ ಒಳಗಿನ ಮಾತುಗಳು ಬೀದಿಗೆ ಬಿದ್ದವು. ಮರುವರ್ಷ ಆ ಸಂಸ್ಥೆ ದಿವಾಳಿಯಾಯಿತು, 2024ರಲ್ಲಿ ಅಪರಾಧಿಗೆ ಆರು ವರ್ಷ ಮೂರು ತಿಂಗಳ ಸೆರೆಯಾಯಿತು. ಹೊರಬಿದ್ದ ಮಾತುಗಳು ಮಾತ್ರ ಒಳಗೆ ಹೋಗಲಿಲ್ಲ. ಅಷ್ಟು ಸುಶಿಕ್ಷಿತ, ಅಷ್ಟು ಸಿರಿವಂತ ದೇಶದ ಕಥೆಯೇ ಇದಾದರೆ, ಆರು ಜನ ಸಿಬ್ಬಂದಿ ಒಂದೇ ಪಾಸ್‌ವರ್ಡು ಬಳಸುವ, ಆ ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೇ ಅಂಟಿಸಿರುವ ಕಚೇರಿಗಳ ಗತಿಯೇನು?

ಗೋಪ್ಯತೆಗೆ ಮಿತಿಗಳಿವೆ ಎಂಬುದನ್ನೂ ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮಿತಿಯನ್ನು ಮೊದಲೇ ಹೇಳದೆ ಆಮೇಲೆ ಮುರಿಯುವುದು ದ್ರೋಹ. ನನ್ನ ಒಪ್ಪಿಗೆ ಪತ್ರ ಎರಡು ಪುಟದ್ದು, ಕನ್ನಡದಲ್ಲಿದೆ, ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಪ್ರಾಣಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಕೇಡಾಗುವ ಸಂಭವವಿದ್ದರೆ, ನ್ಯಾಯಾಲಯ ಅಥವಾ ಅಧಿಕಾರವುಳ್ಳ ಪ್ರಾಧಿಕಾರ ಆದೇಶಿಸಿದರೆ, ಚಿಕಿತ್ಸೆಯಲ್ಲಿ ಜೊತೆಗಿರುವ ವೈದ್ಯರಿಗೆ ಬೇಕಾದರೆ, ಅಷ್ಟಕ್ಕೆ ಬೇಕಾದಷ್ಟನ್ನೇ ಹೇಳುತ್ತೇನೆ ಎಂದು ಅದರಲ್ಲಿದೆ. 23ನೇ ಸೆಕ್ಷನ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಓದಿ ಹೇಳುವಾಗ ಕೆಲವು ಮಕ್ಕಳ ಮುಖ ಬದಲಾಗುವುದನ್ನು ಕಂಡಿದ್ದೇನೆ, ಹೇಳಬೇಕೆಂದಿದ್ದದ್ದನ್ನು ನುಂಗಿಕೊಂಡರೇನೋ ಎಂದು ಆಮೇಲೆ ನಿದ್ದೆಗೆಟ್ಟಿದ್ದೇನೆ. ಆದರೂ ಮೊದಲೇ ಹೇಳುವುದನ್ನು ಬಿಟ್ಟಿಲ್ಲ. ಪಿಯುಸಿ ಮಕ್ಕಳ ತಂದೆತಾಯಿಯರ ವಿಷಯ ಬೇರೆ ತೊಡಕು. ಮಗುವಿನ ಚಿಕಿತ್ಸೆಗೆ ಅವರ ಒಪ್ಪಿಗೆ ಬೇಕು, ಖರ್ಚು ಅವರದು, ಆತಂಕವೂ ಅವರದು. ‘ನಮ್ಮ ಮಗ ನಿಮ್ಮ ಹತ್ರ ಏನು ಹೇಳ್ದ ಅಂತ ನಮಗೆ ಗೊತ್ತಾಗಬೇಕಲ್ವಾ?’ ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ. ಅವನ ಜೀವಕ್ಕೆ ಅಪಾಯವೆಂದು ಕಂಡ ದಿನ ಒಂದು ಗಳಿಗೆಯೂ ತಡೆಯದೆ ತಿಳಿಸುತ್ತೇನೆ, ಅವನ ದಿನಚರಿಯ ಪುಸ್ತಕವನ್ನು ಮಾತ್ರ ಓದಿ ಹೇಳುವುದಿಲ್ಲ ಎಂದು ಮಗನ ಎದುರಿಗೇ ಹೇಳುತ್ತೇನೆ. ಹಾಗೆ ಹೇಳಿದ ಮೇಲೆ ಮುಂದಿನ ವಾರದಿಂದ ಅವನು ಬಾಯಿ ಬಿಡುತ್ತಾನೆ.

ಪೊಲೀಸ್ ಠಾಣೆಯಿಂದ, ಹಾಸ್ಟೆಲಿನ ವಾರ್ಡನ್ನರಿಂದ, ಪ್ರಾಂಶುಪಾಲರಿಂದ, ಪತ್ರಕರ್ತರಿಂದ ಫೋನಿನಲ್ಲಿ ಬರುವ ‘ಸುಮ್ಮನೆ ಒಂದು ಮಾಹಿತಿ ಬೇಕಿತ್ತು’ ಎಂಬ ಕೋರಿಕೆಗಳಿಗೆ ನನ್ನ ಉತ್ತರ ಎಲ್ಲರಿಗೂ ಒಂದೇ: ಲಿಖಿತವಾಗಿ, ಅಧಿಕಾರದ ಆಧಾರ ನಮೂದಿಸಿ ಕೇಳಿ.

ಇನ್ನು ನನ್ನ ಕೋರಿಕೆಗಳು. ಮೊದಲನೆಯದು ಆ ರಿಜಿಸ್ಟರಿನದು. ಜಿಲ್ಲೆಯ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗದ ರಿಜಿಸ್ಟರಿನ ಪುಟವನ್ನು ಫೋಟೋ ತೆಗೆದು ಯಾವ ಗುಂಪಿಗೂ ಹಾಕಕೂಡದೆಂದು ಲಿಖಿತ ಸುತ್ತೋಲೆ ಹೊರಡಿಸಬೇಕು. ಈಗಾಗಲೇ ಹಾಕಿರುವುದನ್ನು ಅಳಿಸಿ, ಅಳಿಸಿದ್ದಕ್ಕೆ ವರದಿ ತರಿಸಿಕೊಳ್ಳಬೇಕು. ಗುಂಪಿನಿಂದ ಅಳಿಸಿದರೂ ಎಷ್ಟು ಫೋನುಗಳ ಗ್ಯಾಲರಿಯಲ್ಲಿ ಅದು ಕೂತಿದೆಯೆಂದು ಹೇಳುವವರಿಲ್ಲ, ಆದ್ದರಿಂದಲೇ ಆ ಹದಿನಾಲ್ಕು ಜನರಿಗೆ ಹೀಗಾಗಿದೆಯೆಂದು ತಿಳಿಸುವ ಹೊಣೆ ಇಲಾಖೆಗಿದೆ. ನೆನಪಿಸುವ ಕರೆಗಳನ್ನು ಒಬ್ಬರೇ ಸಿಬ್ಬಂದಿ, ಒಂದೇ ಕಚೇರಿ ಫೋನಿನಿಂದ, ಒಬ್ಬೊಬ್ಬರಿಗೇ ಮಾಡಲಿ. ‘ಆಸ್ಪತ್ರೆಯಿಂದ ಕರೆ, ಮಂಗಳವಾರ ಬರಬೇಕಂತೆ’ ಎಂದರೆ ಸಾಕು, ಯಾವ ವಿಭಾಗವೆಂದು ಫೋನು ಎತ್ತಿದ ಮೈದುನನಿಗೆ ಹೇಳಬೇಕಾಗಿಲ್ಲ. ಷರಾದ ಅಂಕಣಕ್ಕೆ ಅಕ್ಷರಗಳ ಬದಲು ಸಂಕೇತ ಸಂಖ್ಯೆ ಬರಲಿ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವ ಬದಲು ಟೋಕನ್ ಸಂಖ್ಯೆ ಕೂಗಲಿ. ಜಿಲ್ಲೆಯ ಎಷ್ಟೋ ಬ್ಯಾಂಕುಗಳಲ್ಲಿ ಹಣ ಕಟ್ಟುವವರಿಗೇ ಆ ಮರ್ಯಾದೆ ಸಿಗುತ್ತಿದೆ.

ಎರಡನೆಯದು ಖಾಸಗಿಯವರಿಗೆ, ಅಂದರೆ ನನ್ನಂಥವರಿಗೆ ಸಂಬಂಧಿಸಿದ್ದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ, ಆದರೆ ‘ಕೌನ್ಸೆಲಿಂಗ್ ಸೆಂಟರ್’ ಎಂದು ಬೋರ್ಡು ಹಾಕಿಕೊಂಡವರೆಲ್ಲ ಅಲ್ಲಿ ಇರುವುದಿಲ್ಲ. 2021ರ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಮನಶ್ಶಾಸ್ತ್ರಜ್ಞರೂ ಆಪ್ತಸಮಾಲೋಚಕರೂ ಸೇರಿದ್ದಾರೆ. ಅದು ನೆಲಕ್ಕಿಳಿಯುವವರೆಗೆ ಜಿಲ್ಲಾ ಮಟ್ಟದಲ್ಲಿ ಕಾಯಬೇಕಾಗಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಮತ್ತು ಕುಂದುಕೊರತೆ ಪರಿಹಾರದ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳಾದ ತಾವೇ ಅಧ್ಯಕ್ಷರು. ಜಿಲ್ಲೆಯಲ್ಲಿ ಈ ಕೆಲಸ ಮಾಡುವ ಎಲ್ಲರನ್ನೂ ಒಂದು ಸಭೆಗೆ ಕರೆದು, ಕಡತ ಇಡುವ ಕ್ರಮ, ಒಪ್ಪಿಗೆ ಪತ್ರ, ಸಿಬ್ಬಂದಿಯ ಮುಚ್ಚಳಿಕೆ ಇಷ್ಟನ್ನಾದರೂ ಕೇಳಿ ನೋಡಿ. ಪರಿಶೀಲನೆಗೆ ಬಂದವರಿಗೆ ನನ್ನ ಬೀರುವಿನ ಬೀಗ ತೋರಿಸುತ್ತೇನೆ, ಒಳಗಿನ ಕಡತ ತೋರಿಸುವುದಿಲ್ಲ. ಈ ವ್ಯತ್ಯಾಸವೂ ತಮ್ಮ ಆದೇಶದಲ್ಲಿ ಬರಲಿ. ಗೋಪ್ಯತೆ ಮುರಿದರೆಂದು ದೂರು ಕೊಡುವವರಿಗೆ ಹೆಸರು ಬಹಿರಂಗವಾಗದಂತೆ, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಯುವ ವ್ಯವಸ್ಥೆ ಬೇಕು. ಗುಟ್ಟು ಹೊರಬಿತ್ತೆಂದು ದೂರಲು ಹೋದವಳು ಕಚೇರಿಯ ಕಾರಿಡಾರಿನಲ್ಲಿ ನಿಂತು ಅದೇ ಗುಟ್ಟನ್ನು ಮೂರು ಮೇಜುಗಳಿಗೆ ವಿವರಿಸಬೇಕಾಗಿ ಬಂದರೆ ಯಾರು ಬರುತ್ತಾರೆ?

ಒಂದು ವಿಷಯ ಮಾತ್ರ ನನಗೂ ಬಗೆಹರಿದಿಲ್ಲ. ನನ್ನ ಬೋರ್ಡಿನಲ್ಲಿ ‘ಮಾನಸಿಕ’ ಎಂಬ ಪದವಿತ್ತು. ಬರುವವರಿಗೆ ಮುಜುಗರವೆಂದು ಮೂರು ವರ್ಷಗಳ ಹಿಂದೆ ತೆಗೆಸಿದೆ, ಈಗ ಹೆಸರು, ಪದವಿ, ಸಮಯ ಅಷ್ಟೇ ಇದೆ. ಜನ ನಿರಾಳವಾಗಿ ಹತ್ತಿ ಬರುತ್ತಾರೆ, ನಿಜ. ಆದರೆ ಹಾಗೆ ತೆಗೆಸುವ ಮೂಲಕ, ಇದು ಮುಚ್ಚಿಡಬೇಕಾದ ಕಾಯಿಲೆ ಎಂಬ ಊರಿನ ನಂಬಿಕೆಗೆ ನಾನೂ ಒಂದು ಮೊಳೆ ಹೊಡೆದೆನೇ ಎಂಬ ಅಳುಕು ಉಳಿದಿದೆ. ಹಲ್ಲು ನೋವಿನ ಆಸ್ಪತ್ರೆಗೆ ಹೋದಷ್ಟು ಸಲೀಸಾಗಿ ಜನ ಬರುವ ಕಾಲ ಬಂದರೂ, ಒಳಗೆ ಆಡಿದ ಮಾತು ಒಳಗೇ ಇರಬೇಕು. ಬಂದೆನೆಂದು ಹೇಳಿಕೊಳ್ಳುವ ಹಕ್ಕು ಬಂದವರದು, ಬಂದರೆಂದು ಹೇಳುವ ಹಕ್ಕು ಬೇರೆ ಯಾರದೂ ಅಲ್ಲ.

ನನ್ನ ಬಳಿಗಾಗಲಿ ಆಸ್ಪತ್ರೆಗಾಗಲಿ ಬರಲು ಇನ್ನೂ ಹಿಂಜರಿಯುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆ ಮುಗಿದ ಮೇಲೆ ಫೋನಿನ ಕರೆಪಟ್ಟಿಯಿಂದ ಆ ಸಂಖ್ಯೆಯನ್ನು ಅಳಿಸಿಕೊಳ್ಳಿ ಎಂದು ಸೇರಿಸಬೇಕಾಗಿ ಬಂದಿರುವುದು ನನಗೂ ಖೇದದ ವಿಷಯ.

ಆ ಫೋಟೋವನ್ನು ನಾನು ಅಳಿಸಿದ್ದೇನೆ. ಯಾವ ದಿನ, ಎಷ್ಟು ಹೊತ್ತಿಗೆ ಬಂತು, ಯಾವ ಆಸ್ಪತ್ರೆಯದು ಎಂಬ ವಿವರವನ್ನು ಪ್ರತ್ಯೇಕವಾಗಿ ಬರೆದು, ನನ್ನ ಹೆಸರು, ಸಹಿ, ನೋಂದಣಿ ಸಂಖ್ಯೆಗಳೊಂದಿಗೆ ಮುಚ್ಚಿದ ಲಕೋಟೆಯಲ್ಲಿ ತಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಸಲ್ಲಿಸಿ ಸ್ವೀಕೃತಿ ಪಡೆದಿದ್ದೇನೆ. ಲಕೋಟೆಯ ಮೇಲೆ ‘ಗೋಪ್ಯ’ ಎಂದು ಬರೆದಿದ್ದೆ. ಸ್ವೀಕರಿಸಿದ ಗುಮಾಸ್ತರು ಅದನ್ನು ಓದಿ, ಒಡೆಯದೆ, ಬೇರೆಯಾಗಿ ಎತ್ತಿಟ್ಟರು.

ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ